ಚಿತ್ರಪುಸ್ತಕ ಹಿಡಿದು ಮಗುವಿಗೆ ಓದಿನ ರುಚಿ ಹತ್ತಿಸುವುದು ಹೇಗೆ

ಒಂದನೇ ತರಗತಿಯ ಹುಡುಗಿಯೊಬ್ಬಳು ನನ್ನ ಮುಂದೆ ಪುಸ್ತಕ ತೆರೆದು ಕೂತಿದ್ದಳು. ಪುಟದ ತುಂಬ ಒಂದು ದೊಡ್ಡ ಬೇವಿನ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ‘ಮರ’ ಎಂದಿತ್ತು. ಅವಳು ಬೆರಳಿಟ್ಟು ‘ಗಿಡ’ ಎಂದಳು. ‘ಅಕ್ಷರ ನೋಡು’ ಎಂದೆ. ‘ಮ... ರ...’ ಎಂದು ಬಿಡಿಸಿ ಓದಿದಳು. ಆಮೇಲೆ ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. ‘ಇದರಾಗ ಮರ ಎಲ್ಲದ ಟೀಚರ್? ಇದು ಗಿಡ ಅದಲ್ಲ?’

ನಮ್ಮ ಕಲಬುರಗಿ ಕಡೆ ಮರ ಅಂದರೆ ಜೋಳ ಹಸನು ಮಾಡುವ ಸಾಧನ. ಬೆಂಗಳೂರು, ಮೈಸೂರಿನ ಕಡೆ ಮೊರ ಎನ್ನುತ್ತಾರಲ್ಲ, ಅದು. ಬೇವು, ಹುಣಸೆ, ಆಲ ಎಷ್ಟೇ ಎತ್ತರ ಬೆಳೆದಿರಲಿ, ನಮಗೆ ಗಿಡವೇ. ಆ ಹುಡುಗಿ ಅಕ್ಷರವನ್ನು ಸರಿಯಾಗಿ ಓದಿದ್ದಳು. ಚಿತ್ರವನ್ನೂ ಸರಿಯಾಗಿ ಓದಿದ್ದಳು. ಎರಡರ ನಡುವೆ ಒಂದು ಮಾತು ಬೇಕಾಗಿತ್ತು. ಆ ಮಾತನ್ನು ಮೊದಲೇ ಆಡಬೇಕಾದವಳು ನಾನು. ಆಡಿರಲಿಲ್ಲ.

ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನಾನು ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಮನೆಯಲ್ಲಿಯೂ ಸಣ್ಣ ಮಕ್ಕಳಿದ್ದಾರೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ತಿಳಿದಿರುವುದು ಇಷ್ಟು: ಚಿತ್ರ ನೋಡಿ ಮಗು ತನ್ನ ಮನೆಮಾತಿನಲ್ಲಿ ಮಾತಾಡಬೇಕು. ಆ ಮಾತಿನ ಕೈ ಹಿಡಿದುಕೊಂಡೇ ಅದು ಅಕ್ಷರದ ಹತ್ತಿರ ಬರುತ್ತದೆ. ಮಾತನ್ನು ಬಿಟ್ಟು ನೇರ ಅಕ್ಷರಕ್ಕೆ ಎಳೆದರೆ ಅಕ್ಷರ ಬರುತ್ತದೆ, ಓದು ಬರುವುದಿಲ್ಲ. ಎರಡು ವರ್ಷದಿಂದ ಏಳೆಂಟು ವರ್ಷದವರೆಗಿನ ಮಕ್ಕಳಿರುವ ಮನೆಯವರಿಗಾಗಿ, ನಾನು ಮಾಡುವುದನ್ನು ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು: ಯಾವ ಪುಸ್ತಕ?

2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ 85ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕದ ಮಳಿಗೆಗಳಲ್ಲಿ ಸುತ್ತಿ, ತಂಗಿಯ ಮಗನಿಗೆಂದು ಮಿರಿಮಿರಿ ಮಿಂಚುವ ಒಂದು ಪುಸ್ತಕ ತಂದಿದ್ದೆ. ಪುಟಕ್ಕೊಂದು ಅಕ್ಷರ, ಪಕ್ಕದಲ್ಲಿ ಚಿತ್ರ. ಋ ಋಷಿ, ಔ ಔಷಧ, ಖ ಖಡ್ಗ. ಹುಡುಗ ಆನೆ, ಇಲಿ ನೋಡಿದ. ಪುಸ್ತಕ ಮುಚ್ಚಿದ. ಮತ್ತೆ ತೆರೆಯಲೇ ಇಲ್ಲ. ತೆರೆಯಲು ಕಾರಣವೇ ಇರಲಿಲ್ಲ. ಇಲಿ ಎಲ್ಲಿಗೂ ಹೋಗುವುದಿಲ್ಲ, ಋಷಿಗೆ ಏನೂ ಆಗುವುದಿಲ್ಲ. ಅದು ಅಕ್ಷರದ ಪಟ್ಟಿ, ಕಥೆಯಲ್ಲ. ಗೋಡೆಗೆ ಹಚ್ಚುವ ಚಾರ್ಟ್ ಆಗಿ ಅದಕ್ಕೆ ಬೆಲೆ ಇದೆ. ಆದರೆ ಮಗುವನ್ನು ಓದಿಗೆ ಸೆಳೆಯುವುದು ‘ಮುಂದೇನಾಯ್ತು’ ಎಂಬ ಆಸೆ.

ಈಗ ಪುಸ್ತಕ ಕೊಳ್ಳುವಾಗ ನಾನು ಮಾಡುವ ಪರೀಕ್ಷೆ ಒಂದೇ. ಪುಟದ ಮೇಲಿನ ಸಾಲುಗಳನ್ನು ಅಂಗೈಯಿಂದ ಮುಚ್ಚುತ್ತೇನೆ. ಬರೀ ಚಿತ್ರ ನೋಡುತ್ತ ನಾಲ್ಕೈದು ಪುಟ ತಿರುವುತ್ತೇನೆ. ಕಥೆ ಅರ್ಧವಾದರೂ ತಿಳಿದರೆ ಒಳ್ಳೆಯ ಪುಸ್ತಕ. ಸಾಲಿನಲ್ಲಿ ಹೇಳದ ಏನಾದರೂ ಚಿತ್ರದಲ್ಲಿ ಅಡಗಿದ್ದರೆ ಇನ್ನೂ ಒಳ್ಳೆಯದು. ಮೂಲೆಯಲ್ಲಿ ಒಂದು ಬೆಕ್ಕು, ಮಂಚದ ಕೆಳಗೆ ಒಂದು ಚಪ್ಪಲಿ, ಹಾಗೆ. ದೊಡ್ಡವರ ಕಣ್ಣಿಗೆ ಬೀಳದ್ದನ್ನು ಮಗು ಹುಡುಕಿ ತೋರಿಸುತ್ತದೆ. ಆ ಖುಷಿಗಾಗಿಯೇ ಪುಸ್ತಕ ಮತ್ತೆ ತೆರೆಯುತ್ತದೆ.

ಇನ್ನು ಸಾಲುಗಳು. ಶುರುವಿಗೆ ಪುಟಕ್ಕೆ ಒಂದೋ ಎರಡೋ ಸಾಲು ಸಾಕು. ಅಕ್ಷರ ದೊಡ್ಡದಿರಬೇಕು, ಬಿಳಿ ಜಾಗದ ಮೇಲೆ ಇರಬೇಕು. ಬಣ್ಣದ ಚಿತ್ರದ ಮೇಲೆಯೇ ಅಕ್ಷರ ಅಚ್ಚು ಮಾಡಿದ ಪುಸ್ತಕಗಳಲ್ಲಿ ಕನ್ನಡದ ಒತ್ತು, ದೀರ್ಘ ಕಣ್ಣಿಗೆ ಸಿಗುವುದಿಲ್ಲ. ಒಂದೇ ಸಾಲು ಪುಟಪುಟಕ್ಕೂ ಮರಳಿ ಬರುವಂತಿದ್ದರೆ ಬಿಡಬೇಡಿ, ತಂದುಬಿಡಿ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮಗು ಆ ಸಾಲನ್ನು ನಿಮಗಿಂತ ಮೊದಲೇ ಹೇಳುತ್ತದೆ. ಎರಡು-ಮೂರು ವರ್ಷದ ಕೂಸಿಗಾದರೆ ದಪ್ಪ ರಟ್ಟಿನ ಪುಟ ಇರಲಿ. ಅದು ಪುಸ್ತಕವನ್ನು ಬಾಯಿಗೂ ಹಾಕುತ್ತದೆ, ಹಾಕಲಿ.

ಎಲ್ಲಿ ಸಿಗುತ್ತವೆ?

ಹಳ್ಳಿಯಲ್ಲಿದ್ದರೆ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದರ ಹೆಸರು ಅರಿವು ಕೇಂದ್ರ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆರು ತುಂಬದ ಮಗುವಿಗೆ ಅಕ್ಕನದೋ ಅಣ್ಣನದೋ ಹೆಸರಲ್ಲಿ ತನ್ನಿ. ಕೆಲವು ಕಡೆ ಚಿತ್ರಪುಸ್ತಕಗಳು ಹರಿದುಹೋದಾವೆಂದು ಬೀರುವಿನೊಳಗೆ ಬೀಗ ಹಾಕಿಟ್ಟಿರುತ್ತಾರೆ. ಬೇಸರ ಮಾಡಿಕೊಳ್ಳದೆ ಕೇಳಿ, ತೆಗೆಸಿಕೊಳ್ಳಿ. ಎರಡು ಪುಸ್ತಕ ಒಯ್ದು, ಹೇಳಿದ ದಿನ ವಾಪಸ್ ಕೊಟ್ಟರೆ ಮೂರನೇ ಸಲ ಅವರೇ ತೆಗೆದುಕೊಡುತ್ತಾರೆ. ಹರಿದ ಪುಟಕ್ಕೆ ಟೇಪ್ ಹಚ್ಚಿ ಕೊಡಿ. ಮಗುವಿನ ಕೈಯಿಂದಲೇ ಹಚ್ಚಿಸಿ.

ಫೋನಿನಲ್ಲಿ ನೋಡುವುದಾದರೆ ಸ್ಟೋರಿವೀವರ್ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ತಾಣ ಅದು. ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಓದಬಹುದು, ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ಹಾಕಿಸಬಹುದು, ಯಾವುದಕ್ಕೂ ಅಡ್ಡಿಯಿಲ್ಲ. ಪುಸ್ತಕಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಒಂದನೇ ಹಂತದ ಪುಸ್ತಕದಲ್ಲಿ 250 ಪದಕ್ಕಿಂತ ಕಡಿಮೆ ಇರುತ್ತದೆ, ಪದಗಳು ಮತ್ತೆ ಮತ್ತೆ ಬರುತ್ತವೆ. ಎರಡನೇ ಹಂತ 600 ಪದದವರೆಗೆ. ನೀವು ಓದಿ ಹೇಳುವುದಾದರೆ ಎರಡನೇ ಹಂತವೂ ನಡೆಯುತ್ತದೆ. ಮಗು ತಾನೇ ಓದಲಿ ಎಂದಾದರೆ ಒಂದನೆಯದೇ ಸರಿ.

ಆದರೆ ಫೋನನ್ನು ಮಗುವಿನ ಕೈಗೆ ಕೊಡಬೇಡಿ. ಪುಟ ಮೂರಕ್ಕೆ ಬರುವ ಮೊದಲೇ ಬೆರಳು ವಿಡಿಯೋ ಕಡೆ ಹೋಗುತ್ತದೆ. ನಾನು ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ಹಾಕಿಸುತ್ತೇನೆ. ಬಣ್ಣ ತುಂಬುವ ಕೆಲಸ ಮಕ್ಕಳದು. ಬಣ್ಣ ತುಂಬುತ್ತ ಒಂದೇ ಪುಟದ ಮೇಲೆ ಅರ್ಧ ತಾಸು ಕೂರುತ್ತಾರೆ. ಅಷ್ಟು ಹೊತ್ತು ಆ ಸಾಲು ಅವರ ಕಣ್ಣೆದುರೇ ಇರುತ್ತದೆ.

ದುಡ್ಡು ಕೊಟ್ಟು ಕೊಳ್ಳುವುದಾದರೆ ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಚೆನ್ನೈನ ತೂಲಿಕಾ, ಪ್ರಥಮ್ ಬುಕ್ಸ್ ಇವರೆಲ್ಲ ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತಾರೆ. ಒಂದು ತಿಂಗಳ ಮೊಬೈಲ್ ರೀಚಾರ್ಜ್‌ಗೆ ಹೋಗುವ ದುಡ್ಡಿನಲ್ಲಿ ಎರಡು ಪುಸ್ತಕವಾದರೂ ಬರುತ್ತವೆ.

ಮೊದಲ ದಿನ ಬರೀ ಚಿತ್ರ

ಪುಸ್ತಕ ಮನೆಗೆ ಬಂದ ದಿನ ಒಂದಕ್ಷರವನ್ನೂ ಓದಬೇಡಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಿ, ಇಲ್ಲವೇ ಪಕ್ಕದಲ್ಲಿ. ಎದುರಿಗೆ ಬೇಡ, ಎದುರು ಕೂತರೆ ಪುಸ್ತಕ ಒಬ್ಬರಿಗೆ ತಲೆಕೆಳಗಾಗಿ ಕಾಣುತ್ತದೆ. ಪುಟವನ್ನು ಮಗುವೇ ತಿರುವಲಿ. ಎರಡು ಪುಟ ಒಟ್ಟಿಗೆ ತಿರುವಿದರೆ ತಿರುವಲಿ.

‘ಇದೇನು? ಅದೇನು?’ ಎಂದು ಬೆರಳಿಟ್ಟು ಕೇಳುತ್ತ ಹೋಗುವುದು ನಮ್ಮೆಲ್ಲರ ರೂಢಿ. ಅದಕ್ಕೆ ಬರುವ ಉತ್ತರ ಒಂದೇ ಪದದ್ದು: ನಾಯಿ, ಮನೆ, ಹುಡುಗ. ಅದರ ಬದಲು ‘ಏನ್ ಮಾಡ್ಲತ್ತದ?’ ಎಂದು ಕೇಳಿ. ‘ಯಾಕ ಅಳ್ಳತ್ತಾನ?’ ‘ಮುಂದ ಏನಾಗ್ತದ ಹೇಳು?’ ಕೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾವು ಕಾಯುವುದಿಲ್ಲ, ನಾವೇ ಉತ್ತರ ಹೇಳಿಬಿಡುತ್ತೇವೆ. ಕಾದರೆ ಮಗು ಹೇಳುತ್ತದೆ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ನಮ್ಮ ಜಿಲ್ಲೆಗಳಿಂದ ಎಷ್ಟೋ ಮಂದಿ ತಂದೆ-ತಾಯಂದಿರು ದುಡಿಯಲು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಹೋಗುತ್ತಾರೆ. ಮಕ್ಕಳು ಮುತ್ಯಾ, ಆಯಿ ಅಂದರೆ ಅಜ್ಜ-ಅಜ್ಜಿಯ ಹತ್ತಿರ ಉಳಿಯುತ್ತಾರೆ. ‘ನಮಗ ಓದ್ಲಿಕ್ಕೆ ಬರಂಗಿಲ್ರಿ, ನಾವೇನ್ ಕಲಿಸ್ಬೇಕು’ ಎಂದು ಅವರು ಕೈಚೆಲ್ಲುತ್ತಾರೆ. ಓದು ಬರದಿದ್ದರೂ ಚಿತ್ರಪುಸ್ತಕ ಹಿಡಿಯಬಹುದು. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಎರಡನೇ ತರಗತಿಯ ಒಬ್ಬ ಹುಡುಗನ ಮನೆಗೆ ಹೋಗಿದ್ದೆ. ಹುಡುಗ ಕಟ್ಟೆಯ ಮೇಲೆ ಮುತ್ಯಾನ ಪಕ್ಕ ಕೂತು ಶಾಲೆಯಿಂದ ಒಯ್ದ ಪುಸ್ತಕ ತೋರಿಸುತ್ತಿದ್ದ. ಒಂದು ಪುಟದಲ್ಲಿ ಬಿಳಿ ಎತ್ತು. ಮುತ್ಯಾ ಪುಸ್ತಕವನ್ನು ಸ್ವಲ್ಪ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ‘ಮೂಗುದಾಣನೇ ಹಾಕಿಲ್ಲಲ್ಲೋ ಇದಕ್ಕ. ಹೆಂಗ ಹಿಡೀತಾರ ಇದನ್ನ?’ ಎಂದರು. ಹುಡುಗ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಹೌದು, ಮೂಗುದಾಣ ಇರಲಿಲ್ಲ. ನಾನು ಆ ಪುಸ್ತಕವನ್ನು ಹತ್ತು ಸಲ ಓದಿ ಹೇಳಿದ್ದೆ, ನನಗೆ ಕಂಡಿರಲಿಲ್ಲ. ಹುಡುಗ ಪಟಪಟ ಪುಟ ತಿರುವಿದ. ಮುಂದಿನ ಪುಟದಲ್ಲಿ ಎತ್ತು ಬೇಲಿ ಹಾರಿ ಓಡುತ್ತಿತ್ತು. ‘ಅದಕ್ಕೇ ಓಡಿ ಹೋಗ್ಯಾದ ಮುತ್ಯಾ!’ ಎಂದು ಕೂಗಿದ.

ಒಂದು ಪುಟದಲ್ಲಿ ಕಂಡದ್ದು ಕಾರಣ, ಇನ್ನೊಂದು ಪುಟದಲ್ಲಿ ಕಂಡದ್ದು ಅದರ ಫಲ. ಎರಡನ್ನೂ ಆ ಹುಡುಗ ತಾನೇ ಜೋಡಿಸಿದ. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಇದೇ ಅಲ್ವಾ? ಅದನ್ನು ಕಲಿಸಿದವರಿಗೆ ಒಂದಕ್ಷರ ಬರುತ್ತಿರಲಿಲ್ಲ.

ಸಾಲೇ ಇಲ್ಲದ, ಬರೀ ಚಿತ್ರದ ಪುಸ್ತಕಗಳೂ ಬರುತ್ತವೆ. ಇಂಥ ಮನೆಗಳಿಗೆ ಅವನ್ನೇ ಮೊದಲು ಕೊಡಬೇಕು.

ಎರಡನೇ ದಿನದಿಂದ: ಓದಿ ಹೇಳುವುದು

ಈಗ ಸಾಲು ಓದಿ. ಪದದ ಕೆಳಗೆ ಬೆರಳು ಸರಿಯಲಿ. ಅಕ್ಷರ ಅಕ್ಷರಕ್ಕೆ ನಿಲ್ಲಬೇಡಿ, ಪದದಿಂದ ಪದಕ್ಕೆ ಹೋಗಲಿ. ಮಗು ಬೆರಳನ್ನೇ ನೋಡುತ್ತಿರುತ್ತದೆ. ಬಾಯಲ್ಲಿ ಬರುವ ಮಾತಿಗೂ ಆ ಕಪ್ಪು ಗೆರೆಗಳಿಗೂ ನಂಟಿದೆ, ಓದು ಎಡದಿಂದ ಬಲಕ್ಕೆ ಹೋಗುತ್ತದೆ ಎಂಬುದೆಲ್ಲ ಯಾರೂ ಹೇಳಿಕೊಡದೆ ಅದಕ್ಕೆ ತಿಳಿಯುವುದು ಹೀಗೇ.

ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಓದಿ. ‘ಬೆಕ್ಕು ಮಂಚದ ಕೆಳಗೆ ಇದೆ’ ಎಂದಿದ್ದರೆ ‘ಇದೆ’ ಎಂದೇ ಓದಿ. ಆಮೇಲೆ ಮಾತಾಡುವಾಗ ‘ಎಲ್ಲದ ಬೆಕ್ಕು?’ ‘ಹೊರಸಿನ ಕೆಳಗ ಅದ!’ ಎಂದು ನಮ್ಮ ಮಾತಿನಲ್ಲೇ ಆಡಿ. ಮಗು ‘ಅದ’ ಎಂದರೆ ತಿದ್ದಬೇಡಿ. ಪುಸ್ತಕದ ಮಾತು ಕಿವಿಗೆ ಬೀಳುತ್ತ ಬೀಳುತ್ತ ತಾನಾಗಿ ಬರುತ್ತದೆ. ‘ಹಂಗನ್ನಬ್ಯಾಡ, ಸರಿಯಾಗಿ ಅನ್ನು’ ಎಂದು ನಾಲ್ಕು ಸಲ ಅಂದರೆ ಐದನೇ ಸಲ ಮಗು ಬಾಯೇ ಬಿಡುವುದಿಲ್ಲ. ನನ್ನ ಶಾಲೆಯಲ್ಲಿ ಹಾಗೆ ಬಾಯಿ ಮುಚ್ಚಿಕೊಂಡ ಮಕ್ಕಳನ್ನು ಮತ್ತೆ ಮಾತಿಗೆ ಎಳೆಯಲು ತಿಂಗಳುಗಟ್ಟಲೆ ಬೇಕಾಗಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಂದೇ ಪುಸ್ತಕವನ್ನು ‘ಮತ್ತೊಮ್ಮೆ, ಮತ್ತೊಮ್ಮೆ’ ಎನ್ನುತ್ತಾರೆ. ಓದಿ. ಹತ್ತನೇ ಸಲಕ್ಕೆ ಪುಸ್ತಕ ಬಾಯಿಪಾಠ ಆಗಿರುತ್ತದೆ. ಮಗು ತಾನೇ ಹಿಡಿದು, ಪುಟ ತಿರುವಿ, ಗಡಗಡ ಹೇಳುತ್ತದೆ. ‘ಓದ್ಲತ್ತಿಲ್ಲ, ನೆನಪಿನಿಂದ ಹೇಳ್ಲತ್ತಾನ’ ಎಂದು ತಂದೆ-ತಾಯಿ ಬೇಸರಪಡುತ್ತಾರೆ. ಬೇಸರ ಬೇಡ. ಬಾಯಿಗೆ ಬಂದ ಸಾಲು ಕಣ್ಣಿಗೆ ಸಿಗುವುದು ಸುಲಭ. ಆಗ ಬೆರಳಿಟ್ಟು ಹೇಳಲು ಹೇಳಿ, ಅಷ್ಟೇ. ಮಾತು ಮುಗಿದರೂ ಪುಟದ ಮೇಲೆ ಒಂದು ಪದ ಉಳಿದುಬಿಟ್ಟರೆ ಮಗುವೇ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಬರುತ್ತದೆ. ನಿಜವಾದ ಓದು ಶುರುವಾಗುವುದು ಆ ಗಳಿಗೆಯಲ್ಲಿ.

ಹೊತ್ತು? ಹತ್ತು ಹದಿನೈದು ನಿಮಿಷ ಸಾಕು. ಊಟವಾದ ಮೇಲೆ, ಮಲಗುವ ಮುಂಚೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲಿಗೆ ಕಚೇರಿಗಳೂ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಮನೆಯಿಂದ ಹೊರಗೆ ಕಾಲಿಡಲು ಆಗದ ಆ ಮಧ್ಯಾಹ್ನಗಳು ಪುಸ್ತಕಕ್ಕೆ ಹೇಳಿ ಮಾಡಿಸಿದ ಹೊತ್ತು.

ಅಕ್ಷರಕ್ಕೆ ಬರುವುದು

ಕಥೆ ಹಳೆಯದಾದ ಮೇಲೆ, ಅದೇ ಪುಸ್ತಕದಲ್ಲಿ ಅಕ್ಷರ ಹುಡುಕುವ ಆಟ. ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಈಗ ಅ ಆ ಇ ಈ ಎಂದು ಶುರು ಮಾಡುವುದಿಲ್ಲ. ರ ಗ ಸ ದ ಅ ಎಂದು ಶುರು. ಈ ಐದರಲ್ಲೇ ಸರ, ಗರಗರ, ಅರಸ, ಅಗಸ ಎಂಬ ಪದಗಳು ಆಗಿಬಿಡುತ್ತವೆ. ಮನೆಯಲ್ಲಿ ನೀವು ವರ್ಣಮಾಲೆಯ ಸಾಲಿನಲ್ಲಿ ಕಲಿಸಿ, ಶಾಲೆಯಲ್ಲಿ ಇನ್ನೊಂದು ಸಾಲಿನಲ್ಲಿ ಕಲಿಸಿದರೆ ಮಗುವಿಗೆ ಗೊಂದಲ. ಶಾಲೆಯಲ್ಲಿ ಈ ವಾರ ಯಾವ ಅಕ್ಷರ ಆಯಿತೆಂದು ಕೇಳಿ, ಅದನ್ನೇ ಪುಸ್ತಕದಲ್ಲಿ ಹುಡುಕಿಸಿ. ಒಂದು ದಿನಕ್ಕೆ ಒಂದೇ ಅಕ್ಷರ. ‘ಈ ಪುಟದಾಗ ಸ ಎಷ್ಟವ ನೋಡು?’ ಜೋಳದ ಕಾಳೋ ತೊಗರಿ ಕಾಳೋ ಒಂದೊಂದಾಗಿ ಅದರ ಮೇಲೆ ಇಡಿಸಿ.

ಶಾಲೆಗೆ ಹೋಗದ ಮಗುವಾದರೆ ಅದರ ಹೆಸರಿನ ಮೊದಲ ಅಕ್ಷರದಿಂದ ಶುರು ಮಾಡಿ. ನಮ್ಮ ಕಡೆ ಬಸವ ಎಂಬ ಹೆಸರು ಮನೆಮನೆಯಲ್ಲೂ ಇದೆ. ಎಂಥ ಒಳ್ಳೆಯ ಹೆಸರು ನೋಡಿ, ಅದರಲ್ಲಿ ದೀರ್ಘವಿಲ್ಲ, ಒತ್ತಿಲ್ಲ. ಮೂರು ಸರಳ ಅಕ್ಷರ. ಎತ್ತಿನ ಚಿತ್ರಕ್ಕೂ ಅದೇ ಪದ ಹೊಂದುತ್ತದೆ.

ಮಕ್ಕಳು ಎಡವುವ ಜಾಗಗಳು ಗೊತ್ತಿದ್ದರೆ ನಮಗೆ ಸಿಟ್ಟು ಬರುವುದಿಲ್ಲ. ಮ-ವ, ಪ-ಷ, ದ-ಥ-ಧ ಕಣ್ಣಿಗೆ ಒಂದೇ ಥರ. ಇವನ್ನು ಒಂದೇ ದಿನ ಅಕ್ಕಪಕ್ಕ ಇಟ್ಟು ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ಹಾಡಿಸುವುದರ ಜತೆಗೆ ಪುಸ್ತಕದ ಪದದಲ್ಲಿ ತೋರಿಸಿ: ‘ಕರ’ ಇದ್ದದ್ದು ಒಂದು ದೀರ್ಘ ಸೇರಿದ ಕೂಡಲೇ ‘ಕಾರ’ ಆಯಿತು.

ಒತ್ತಕ್ಷರವೇ ದೊಡ್ಡ ಏರು. ಅದನ್ನು ನಾನು ಅಕ್ಕ, ಅಪ್ಪ, ಅವ್ವ, ರೊಟ್ಟಿಯಿಂದ ಶುರು ಮಾಡುತ್ತೇನೆ. ಇವುಗಳಲ್ಲಿ ಕೆಳಗಿರುವ ಒತ್ತು ಮೇಲಿನ ಅಕ್ಷರದ ಹಾಗೇ ಇರುತ್ತದೆ, ತಲೆಕಟ್ಟಿಲ್ಲದೆ ಸಣ್ಣದಾಗಿ ಕೂತಿರುತ್ತದೆ. ಮಗು ‘ಇಲ್ಲಿ ಇನ್ನೊಂದು ಸಣ್ಣ ಕ ಅದ’ ಎಂದು ತಾನೇ ಹೇಳುತ್ತದೆ. ಎತ್ತು, ಅಮ್ಮ, ಚಿನ್ನ, ಹಲ್ಲು ಇವು ಆಮೇಲೆ. ತ, ಮ, ನ, ಯ, ರ, ಲ ಈ ಆರರ ಒತ್ತಿನ ಆಕಾರವೇ ಬೇರೆ. ‘ರೊಟ್ಟಿ’ಯನ್ನು ‘ರೊಟಿ’ ಎಂದು ಓದಿದರೆ ಅಂಗೈ ಮೇಲೆ ಮುಷ್ಟಿ ಒತ್ತಿ ‘ರೊಟ್-ಟಿ’ ಎಂದು ಹೇಳಿಸಿ. ರೊಟ್ಟಿ ಬಡಿಯುವ ಸದ್ದು ಕೇಳಿ ಬೆಳೆದ ಮಗುವಿಗೆ ಅದು ತಟ್ಟನೆ ಹಿಡಿಸುತ್ತದೆ. ಪುಸ್ತಕ, ಚಂದ್ರ ಎಂಬಂಥ ಬೇರೆ ಅಕ್ಷರದ ಒತ್ತುಗಳು ಅದರ ನಂತರ.

ಎಲ್ಲಕ್ಕಿಂತ ಕಡೆಗೆ ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ಯ, ಆಮೇಲೆ ಅರ್ಕಾವತ್ತು. ಓದುವಾಗ ರ್ ಮೊದಲು, ಯ ಆಮೇಲೆ. ಮಗು ‘ಸೂಯರ’ ಎಂದರೆ ಅದು ಕಂಡದ್ದನ್ನೇ ಓದಿದೆ. ತಪ್ಪು ಎನ್ನಬೇಡಿ. ‘ಇದು ಹಿಂದೆ ನಿಂತು ಮುಂದೆ ಕೂಗುವ ಅಕ್ಷರ’ ಎಂದು ಹೇಳಿ ತೋರಿಸಿ.

ಕಥೆಯ ನಡುವೆ ಮಗು ಒಂದು ಪದಕ್ಕೆ ಸಿಕ್ಕಿಕೊಂಡರೆ ಮೂರು ಉಸಿರಿನಷ್ಟು ಕಾಯಿರಿ. ಬರದಿದ್ದರೆ ನೀವೇ ಹೇಳಿ, ಮುಂದೆ ಹೋಗಿ. ಕಥೆಯನ್ನು ನಿಲ್ಲಿಸಿ ಅಕ್ಷರ ಬಿಡಿಸಲು ಕೂರುವುದು ಬೇಡ. ಬಂದ ನೆಂಟರ ಮುಂದೆ ನಿಲ್ಲಿಸಿ ‘ಓದಿ ತೋರ್ಸು’ ಎನ್ನುವುದಂತೂ ಬೇಡವೇ ಬೇಡ.

ಮನೆಮಾತು ಬೇರೆಯಾಗಿದ್ದರೆ

ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ಊರೂರಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಈ ಮಕ್ಕಳಿಗೆ ಕನ್ನಡ ಶಾಲೆಯ ಮಾತು. ಚಿತ್ರದ ಮಾತನ್ನು ಅವರು ತಮ್ಮ ಭಾಷೆಯಲ್ಲೇ ಆಡಲಿ. ಸ್ಟೋರಿವೀವರ್‌ನಲ್ಲಿ ಎಷ್ಟೋ ಪುಸ್ತಕಗಳು ಮರಾಠಿ, ತೆಲುಗು, ಉರ್ದುವಿನಲ್ಲಿಯೂ ಅದೇ ಚಿತ್ರಗಳ ಸಮೇತ ಸಿಗುತ್ತವೆ. ಮೊದಲು ಮನೆಮಾತಿನಲ್ಲಿ ಓದಿ ಹೇಳಿ, ಆಮೇಲೆ ಅದೇ ಪುಸ್ತಕ ಕನ್ನಡದಲ್ಲಿ. ಕಥೆ ಗೊತ್ತಿರುವುದರಿಂದ ಕನ್ನಡದ ಪದಗಳು ಭಾರವಾಗುವುದಿಲ್ಲ.

ಕಡೆಗೆ: ಮಗುವೇ ಒಂದು ಪುಸ್ತಕ ಮಾಡಲಿ

ಇದನ್ನು ತಪ್ಪದೆ ಮಾಡಿ. ಗೆರೆಯಿಲ್ಲದ ನಾಲ್ಕು ಹಾಳೆ ತೆಗೆದುಕೊಳ್ಳಿ. ಒಟ್ಟಿಗೆ ಇಟ್ಟು ನಡುವೆ ಮಡಚಿದರೆ ಹದಿನಾರು ಪುಟ. ಹೊರಗೆ ಒಂದು ದಪ್ಪ ಹಾಳೆ. ಮಡಿಕೆಯ ಗೆರೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ಕೌದಿ ಹೊಲಿಯುವ ದಾರ, ದಪ್ಪ ಸೂಜಿ ಸಾಕು. ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಬನ್ನಿ. ಮೇಲಿನ ತೂತಿನಿಂದ ಒಳಗೆ ಹೋಗಿ. ಒಳಗೇ ಉದ್ದಕ್ಕೆ ಇಳಿದು ಕೆಳಗಿನ ತೂತಿನಿಂದ ಹೊರಗೆ. ಮತ್ತೆ ನಡುವಿನ ತೂತಿನಿಂದ ಒಳಗೆ. ದಾರದ ಎರಡು ತುದಿ ಉದ್ದನೆಯ ಹೊಲಿಗೆಯ ಆಚೆ-ಈಚೆ ಬರುವಂತೆ ಗಂಟು ಹಾಕಿ. ಕೌದಿ ಹೊಲಿಯುವ ಆಯಿ ಮನೆಯಲ್ಲಿದ್ದರೆ ಸೂಜಿಯನ್ನು ಅವರ ಕೈಗೆ ಕೊಡಿ, ನನಗಿಂತ ಅಂದವಾಗಿ ಹೊಲಿಯುತ್ತಾರೆ.

ಏನು ಬರೆಯುವುದು? ಶರಣಬಸವೇಶ್ವರ ಜಾತ್ರೆಗೆ ಹೋಗಿ ಬಂದದ್ದು, ಆಡು ಮರಿ ಹಾಕಿದ್ದು, ಹೊಲಕ್ಕೆ ಬುತ್ತಿ ಒಯ್ದದ್ದು. ಮಗು ಚಿತ್ರ ಬರೆಯಲಿ, ಬಾಯಲ್ಲಿ ಹೇಳಲಿ. ನೀವು ಕೆಳಗೆ ಬರೆದುಕೊಡಿ. ಅದು ಹೇಳಿದ ಹಾಗೇ ಬರೆಯಿರಿ: ‘ತೇರ ಎಳೆದ್ರು. ನಾ ಬೆಂಡು-ಬತ್ತಾಸ ತಿಂದೆ.’ ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ತನ್ನ ಬಾಯಿಂದ ಬಂದ ಮಾತು ಅಕ್ಷರವಾಗಿ ಕೂತದ್ದನ್ನು ಮಗು ಒಮ್ಮೆ ನೋಡಬೇಕು. ಆ ಸಾಲನ್ನು ಅದು ಯಾರ ನೆರವಿಲ್ಲದೆ ಓದುತ್ತದೆ, ಮನೆಮಂದಿಗೆಲ್ಲ ಓದಿ ಹೇಳುತ್ತದೆ.

ಮೊದಲು ಹೇಳಿದ ಆ ಹುಡುಗಿಯೂ ವರ್ಷದ ಕೊನೆಗೆ ಒಂದು ಪುಸ್ತಕ ಮಾಡಿದಳು. ನಡುವಿನ ಜೋಡಿ ಪುಟದಲ್ಲಿ ಎಡಕ್ಕೆ ಜೋಳ ಹಸನು ಮಾಡುವ ಮರ, ಹಿಡಿದುಕೊಂಡು ಕೂತ ಅವಳ ಅವ್ವ. ಬಲಕ್ಕೆ ಶಾಲೆಯ ಅಂಗಳದ ದೊಡ್ಡ ಬೇವು. ಎರಡರ ಕೆಳಗೂ ತಾನೇ, ಪೆನ್ಸಿಲ್ ಒತ್ತಿ ಒತ್ತಿ, ‘ಮರ’ ಎಂದು ಬರೆದಿದ್ದಳು. ಬೇವಿನ ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಪದ ಸೇರಿಸಿದ್ದಳು: ‘ಗಿಡ’.